ಗಾಳಿ ನಿಲ್ಲದ ಸಣ್ಣ ಟ್ಯೂಬ್‌ಲೆಸ್ ಟಯರ್: ಸ್ಕೂಟರ್ ಚಕ್ರಕ್ಕೆ ಮನೆಯಲ್ಲೇ ಮತ್ತೆ ಗಾಳಿ ಹಿಡಿಸುವ ಬಗೆ

ಸಾಗರದ ಮನೆಯಲ್ಲಿ ಅಮ್ಮನ ಸ್ಕೂಟರ್ ಒಂದು ಮಳೆಗಾಲ ಪೂರ್ತಿ ಕೊಟ್ಟಿಗೆಯ ಪಕ್ಕ ನಿಂತಿತ್ತು. ಜೂನ್‌ನಲ್ಲಿ ನಿಲ್ಲಿಸಿದ್ದು. ದಸರಾಕ್ಕೆ ನಾನು ಊರಿಗೆ ಹೋದಾಗ ಹಿಂದಿನ ಟಯರ್ ನೆಲಕ್ಕೆ ಅಪ್ಪಚ್ಚಿಯಾಗಿ ಕೂತಿತ್ತು. ಬರೀ ಗಾಳಿ ಕಮ್ಮಿಯಾದದ್ದಲ್ಲ. ಟಯರಿಗೂ ರಿಮ್ಮಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿದ್ದಿತ್ತು. ಕಾಲಲ್ಲಿ ಒತ್ತುವ ಪಂಪ್ ಹಚ್ಚಿ ಅರ್ಧ ಗಂಟೆ ಒತ್ತಿದೆ. ವಾಲ್ವಿನಲ್ಲಿ ಹೋದ ಗಾಳಿ ಆ ಸಂದಿನಿಂದ ಬುಸ್ ಅಂತ ಹೊರಗೆ ಬರುತ್ತಿತ್ತು, ಅಷ್ಟೇ. ನೋಡಿದವರೆಲ್ಲ ಒಂದೇ ಮಾತು ಹೇಳಿದರು: ಟಯರ್ ಹೋಯ್ತು, ಹೊಸದು ಹಾಕಿಸಿ.

ಟಯರ್ ಹೋಗಿರಲಿಲ್ಲ. ದನ ಕಟ್ಟುವ ಒಂದು ಹಗ್ಗ, ಒಂದು ಕೋಲು, ಸ್ವಲ್ಪ ಸಾಬೂನು ನೀರು, ಅದೇ ಕಾಲು ಪಂಪ್ ಇಟ್ಟುಕೊಂಡು ಅವತ್ತೇ ಮಧ್ಯಾಹ್ನ ಅದಕ್ಕೆ ಗಾಳಿ ಹಿಡಿಸಿದೆವು. ಆಮೇಲೆ ಸೋರುವ ಜಾಗ ಹುಡುಕಿ ಸರಿ ಮಾಡಲು ಇನ್ನೂ ಒಂದು ದಿನ ಹಿಡಿಯಿತು. ಅಷ್ಟನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಹೇಳುವುದು 90/100-10 ಅಳತೆಯ ಸ್ಕೂಟರ್ ಟಯರಿನ ಮೇಲೆ ಮಾಡಿದ ಕೆಲಸ. ಹನ್ನೆರಡು ಇಂಚಿನ ಸ್ಕೂಟರ್ ಚಕ್ರಕ್ಕೂ, ಟ್ಯೂಬ್ ಇಲ್ಲದ ಕೈಗಾಡಿ ಚಕ್ರಕ್ಕೂ ವಿಧಾನ ಇದೇ.

ಗಾಳಿ ಹೇಗೆ ನಿಲ್ಲುತ್ತದೆ

ಟಯರಿನ ಎರಡೂ ಕಡೆ ಒಳ ಅಂಚಿನಲ್ಲಿ ಗಟ್ಟಿಯಾದ ಒಂದು ದಿಂಡು ಇರುತ್ತದೆ. ಅದರೊಳಗೆ ಉಕ್ಕಿನ ತಂತಿಯ ಬಳೆ ಇದೆ. ಪಂಚರ್ ಅಂಗಡಿಯಲ್ಲಿ ಇದಕ್ಕೆ ಬೀಡ್ ಅಂತಾರೆ. ರಿಮ್ಮಿನ ಅಂಚಿನ ಒಳಗೆ ಈ ಬೀಡ್ ಕೂರಲು ಒಂದು ಮೆಟ್ಟಿಲು ಇರುತ್ತದೆ. ಎರಡು ಮೆಟ್ಟಿಲುಗಳ ನಡುವೆ, ರಿಮ್ಮಿನ ಮಧ್ಯದಲ್ಲಿ, ಒಂದು ಗುಂಡಿ. ಟಯರ್ ಹಾಕಲು ತೆಗೆಯಲು ಜಾಗ ಬೇಕಲ್ವಾ, ಅದಕ್ಕಾಗಿ ಈ ಗುಂಡಿ. ಗಾಳಿ ಪೂರ್ತಿ ಹೋದ ಟಯರಿನ ಮೇಲೆ ಗಾಡಿಯ ಭಾರ ಬಿದ್ದರೆ ಬೀಡ್ ಮೆಟ್ಟಿಲಿನಿಂದ ಜಾರಿ ಈ ಗುಂಡಿಗೆ ಬೀಳುತ್ತದೆ. ಅಲ್ಲಿಗೆ ಮುಗಿಯಿತು. ಎಷ್ಟು ಗಾಳಿ ಹಾಕಿದರೂ ಪಕ್ಕದಿಂದ ಹೊರಗೆ.

ಇದರ ಇನ್ನೊಂದು ಮುಖ ನಮಗೆ ಅನುಕೂಲದ್ದು. ಬೀಡನ್ನು ಮೆಟ್ಟಿಲಿಗೆ ಒತ್ತಿ ಹಿಡಿಯುವುದು ಒಳಗಿನ ಗಾಳಿಯೇ. ಗಾಳಿಯ ಒತ್ತಡ ಅಳೆಯುವುದು ಪಿಎಸ್‌ಐ ಲೆಕ್ಕದಲ್ಲಿ. 29 ಪಿಎಸ್‌ಐ ಅಂದರೆ ಒಂದೊಂದು ಚದರ ಸೆಂಟಿಮೀಟರಿಗೂ ಎರಡು ಕಿಲೋ ಭಾರ ಒತ್ತಿದ ಹಾಗೆ. ನಮ್ಮ ಕೈಯಲ್ಲಿ ಆ ಬಲ ಇಲ್ಲ, ಬೇಕಾಗಿಯೂ ಇಲ್ಲ. ಬೀಡ್ ರಿಮ್ಮಿಗೆ ಸುತ್ತಲೂ ಒಮ್ಮೆ ತಾಗಿದರೆ ಸಾಕು. ಮಿಕ್ಕ ಕೆಲಸ ಗಾಳಿ ಮಾಡುತ್ತದೆ. ಹಗ್ಗ, ಸಾಬೂನು, ಬಿಸಿಲು, ಎಲ್ಲವೂ ಆ ಮೊದಲ ತಾಗುವಿಕೆಗಾಗಿ.

ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿ 1947ರಲ್ಲಿ ಟ್ಯೂಬ್ ಇಲ್ಲದ ಇಂಥ ಟಯರನ್ನು ಜನರ ಮುಂದಿಟ್ಟಿತು. ಅದರ ಹಿಂದೆ ದುಡಿದವರು ಫ್ರಾಂಕ್ ಹರ್ಜೆಗ್ ಎಂಬ ಎಂಜಿನಿಯರ್. ಒಳಗೆ ಬೇರೆ ಟ್ಯೂಬ್ ಇಡುವ ಬದಲು ಗಾಳಿ ಬಿಡದ ರಬ್ಬರಿನ ಪದರವನ್ನು ಟಯರಿನ ಒಳಮೈಗೇ ಅಂಟಿಸಿ, ಬೀಡನ್ನೇ ಮುಚ್ಚಳ ಮಾಡಿದರು. ಮೊಳೆ ಹೊಕ್ಕರೂ ಗಾಳಿ ಒಮ್ಮೆಗೇ ಹೋಗದೆ ನಿಧಾನ ಇಳಿಯುವುದು ಇದರಿಂದಲೇ. ಆದರೆ ಟ್ಯೂಬ್ ಇದ್ದಾಗ ರಿಮ್ಮಿನ ತುಕ್ಕು ಗಾಳಿಗೆ ಸಂಬಂಧವೇ ಇಲ್ಲದ ವಿಷಯವಾಗಿತ್ತು. ಟ್ಯೂಬ್‌ಲೆಸ್‌ನಲ್ಲಿ ರಿಮ್ ಕೂಡ ಗಾಳಿ ತುಂಬಿದ ಪಾತ್ರೆಯ ಒಂದು ಗೋಡೆ. ನಮ್ಮ ಮಲೆನಾಡಿನ ಮಳೆಗೆ, ಕರಾವಳಿಯ ಉಪ್ಪುಗಾಳಿಗೆ ಆ ಗೋಡೆ ಬೇಗ ಹಾಳಾಗುತ್ತದೆ.

ಹಾಗಾಗಿ ಮೊದಲೇ ಕೇಳಿಕೊಳ್ಳಿ: ಗಾಳಿ ಒಳಗೆ ನಿಲ್ಲುವ ಮಾತೇ ಇಲ್ವಾ, ಅಥವಾ ತುಂಬಿ ಆಮೇಲೆ ಇಳಿಯುತ್ತಾ? ಮೊದಲನೆಯದು ಬೀಡ್ ಜಾರಿದ್ದು. ಎರಡನೆಯದು ತೂತು, ವಾಲ್ವ್ ಅಥವಾ ತುಕ್ಕು. ತುಂಬ ದಿನ ನಿಂತ ಗಾಡಿಯಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ತುಕ್ಕಿನಿಂದ ನಿಧಾನ ಸೋರಿ, ಗಾಳಿ ಪೂರ್ತಿ ಹೋಗಿ, ಆಮೇಲೆ ಬೀಡ್ ಜಾರುತ್ತದೆ. ಬೀಡ್ ಕೂರಿಸಿ ಮುಗಿಯಿತು ಅಂದುಕೊಂಡರೆ ಇನ್ನೆರಡು ವಾರಕ್ಕೆ ಅದೇ ಪಾಡು.

ಉಳಿಸುವ ಟಯರೋ ಅಲ್ವೋ

ಕೆಲಸಕ್ಕೆ ಕೈ ಹಾಕುವ ಮೊದಲು ಹತ್ತು ನಿಮಿಷ ಟಯರ್ ನೋಡಿ. ಚಕ್ರ ತಿರುಗಿಸುತ್ತಾ ಎರಡೂ ಪಕ್ಕ ಕೈ ಆಡಿಸಿ. ಪಕ್ಕದಲ್ಲಿ ಒಳಗಿನ ನೂಲು ಕಾಣುವಷ್ಟು ಬಿರುಕು ಇದ್ದರೆ, ಎಲ್ಲಾದರೂ ಉಬ್ಬು ಬಂದಿದ್ದರೆ, ಬೀಡಿನ ತಂತಿ ಹೊರಗೆ ಕಾಣುತ್ತಿದ್ದರೆ, ಅಲ್ಲಿಗೇ ಬಿಡಿ. ಅದಕ್ಕೆ ಗಾಳಿ ಹಿಡಿಸುವುದು ಅಪಾಯ. ಚಪ್ಪಟೆ ಟಯರಿನಲ್ಲೇ ದೂರ ಓಡಿಸಿದ್ದರೂ ಅನುಮಾನ ಇರಲಿ. ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಪದರ ಉಜ್ಜಿ ಪುಡಿಯಾಗಿರುತ್ತದೆ. ಬಿಚ್ಚಿದಾಗ ಒಳಗೆ ಕಪ್ಪು ರಬ್ಬರ್ ಪುಡಿ ಸಿಕ್ಕರೆ ಆ ಟಯರನ್ನು ರಸ್ತೆಗೆ ಇಳಿಸಬೇಡಿ.

ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ತುಂಬ ಹಳೆಯದಾಗಿ ರಬ್ಬರ್ ಉಗುರು ಊರದಷ್ಟು ಕಲ್ಲಾಗಿದ್ದರೆ ಶ್ರಮ ಸುಮ್ನೆ. ಪಟ್ಟಿಗಳ ನಡುವಿನ ಕಾಲುವೆಯಲ್ಲಿ ಸವೆತ ತೋರಿಸುವ ಟಿಡಬ್ಲ್ಯೂಐ ಎಂಬ ಸಣ್ಣ ದಿಬ್ಬ ಇದೆ. ಟಯರ್ ಅದರ ಮಟ್ಟಕ್ಕೆ ಸವೆದಿದ್ದರೂ ಅಷ್ಟೇ.

ಇನ್ನೊಂದು ಮುಖ್ಯ. ಹಳೆಯ ಕಾಲದ ಗೇರ್ ಸ್ಕೂಟರ್‌ಗಳಲ್ಲಿ ರಿಮ್ ಎರಡು ಹೋಳು. ನಟ್ ಬೋಲ್ಟ್ ಹಾಕಿ ಜೋಡಿಸಿರುತ್ತಾರೆ. ಅದು ಟ್ಯೂಬ್ ಬೇಕೇ ಬೇಕಾದ ಚಕ್ರ. ಅದಕ್ಕೆ ಈ ಬರಹ ಅನ್ವಯಿಸುವುದಿಲ್ಲ. ಗಾಳಿ ಇರುವಾಗ ಆ ಬೋಲ್ಟ್‌ಗಳನ್ನು ಮುಟ್ಟಲೂಬೇಡಿ.

ಸಾಮಾನು

ಪ್ರೆಷರ್ ನೋಡುವ ಗೇಜ್, ವಾಲ್ವ್ ಪಿನ್ (ವಾಲ್ವಿನೊಳಗೆ ಗಾಳಿ ತಡೆಯುವ ಸಣ್ಣ ಕಡ್ಡಿ) ಬಿಚ್ಚುವ ಸಣ್ಣ ಕೀಲಿ, ಒಂದು ಹೊಸ ವಾಲ್ವ್ ಪಿನ್. ಈ ಮೂರಂತೂ ಬೇಕು. ಮೂರೂ ಬಿಡಿಭಾಗದ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತವೆ. ಪಾತ್ರೆ ತೊಳೆಯುವ ಸಾಬೂನಿನ ದ್ರವ, ಒಂದು ಹಳೆಯ ಪೇಂಟ್ ಬ್ರಶ್, ಬಟ್ಟೆ. ಗಾಳಿಗೆ ಕಾಲು ಪಂಪ್ ಸಾಕು, ಬ್ಯಾಟರಿ ಪಂಪ್ ಇದ್ದರೆ ಒಳ್ಳೆಯದು, ಕಂಪ್ರೆಸರ್ ಇದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ಒಂದು ಕನ್ನಡಕ ಹಾಕಿಕೊಳ್ಳಿ.

ಹಗ್ಗದ ಅಳತೆ ಹೇಳಿಬಿಡುತ್ತೇನೆ. 90/100-10 ಟಯರಿನ ರಿಮ್ ಹತ್ತು ಇಂಚು, ಅಂದರೆ 254 ಮಿಲಿಮೀಟರ್. ಟಯರಿನ ಅಗಲ 90 ಮಿಲಿಮೀಟರ್, ಎತ್ತರ ಅದರ ನೂರಕ್ಕೆ ನೂರು, ಅಂದರೆ ಮೇಲೊಂದು ಕೆಳಗೊಂದು 90. ಒಟ್ಟು ಅಡ್ಡಳತೆ 434. ಸುತ್ತಳತೆ ಹೆಚ್ಚುಕಮ್ಮಿ 136 ಸೆಂಟಿಮೀಟರ್, ನಾಲ್ಕೂವರೆ ಅಡಿ. ಎರಡು ಸುತ್ತು ಹಾಕಿ ಗಂಟು ಬಿಗಿದು ಕೋಲು ತೂರಿಸಲು ಹನ್ನೆರಡು ಅಡಿ ಹಗ್ಗ ಇರಲಿ. ಸಾಮಾನು ಕಟ್ಟುವ ಲಿವರ್ ಇರುವ ಬೆಲ್ಟ್ ಇದ್ದರೆ ಹಗ್ಗಕ್ಕಿಂತ ಅದೇ ಮೇಲು. ಪ್ಲಾಸ್ಟಿಕ್ ಹಗ್ಗ ಬೇಡ, ಜಾರುತ್ತದೆ, ಎಳೆದಷ್ಟೂ ಹಿಗ್ಗುತ್ತದೆ.

ಭಾರ ಇಳಿಸಿ, ವಾಲ್ವ್ ಪಿನ್ ತೆಗೆಯಿರಿ

ಸ್ಕೂಟರ್ ಸಮತಟ್ಟಾದ ನೆಲದಲ್ಲಿ ದೊಡ್ಡ ಸ್ಟ್ಯಾಂಡ್ ಮೇಲೆ ನಿಲ್ಲಲಿ. ಹಿಂದಿನ ಚಕ್ರ ನೆಲ ಬಿಟ್ಟು ಮೇಲೆ ಇರಬೇಕು. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಗಾಡಿಯ ಕೀಲಿ ಕಿತ್ತು ಜೇಬಿಗೆ ಹಾಕಿಕೊಳ್ಳಿ. ನಾನು ಮೊದಲು ಪಂಪ್ ಒತ್ತಿದ್ದು ಸೈಡ್ ಸ್ಟ್ಯಾಂಡ್ ಮೇಲೆ, ಗಾಡಿಯ ಭಾರ ಟಯರಿನ ಮೇಲೆ ಇದ್ದಾಗ. ಆ ಸ್ಥಿತಿಯಲ್ಲಿ ಬೀಡ್ ಯಾವತ್ತೂ ಕೂರುವುದಿಲ್ಲ.

ಚಕ್ರ ಬಿಚ್ಚಬೇಕಾ? ಮೊದಲೇ ಬೇಡ. ಬಹಳಷ್ಟು ಸ್ಕೂಟರ್‌ಗಳಲ್ಲಿ ಹಿಂದಿನ ಚಕ್ರ ತೆಗೆಯಲು ಸೈಲೆನ್ಸರ್ ಬಿಚ್ಚಬೇಕು, ದೊಡ್ಡ ನಟ್ ಒಂದನ್ನು ಸಡಿಲಿಸಬೇಕು. ಹಗ್ಗದ ಉಪಾಯ ಚಕ್ರ ಗಾಡಿಯಲ್ಲಿದ್ದಾಗಲೇ ಆಗುತ್ತದೆ. ತುಕ್ಕು ತಿಕ್ಕಬೇಕಾದ ಹೊತ್ತಿಗೆ ಬಿಚ್ಚಿದರಾಯ್ತು.

ಟಯರನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಿ. ಗಾಡಿಯನ್ನು ಒಂದು ಗಂಟೆ ಬಿಸಿಲಿನಲ್ಲಿ ಚಕ್ರ ತಿರುಗಿಸುತ್ತಾ ಇಟ್ಟರೆ ರಬ್ಬರ್ ಮೆತ್ತಗಾಗುತ್ತದೆ. ಮಳೆಗಾಲವಾದರೆ ಬಿಸಿ ನೀರಿನಲ್ಲಿ ಅದ್ದಿದ ದಪ್ಪ ಬಟ್ಟೆ ಸುತ್ತಿ. ಸಣ್ಣ ಟಯರ್ ದೊಡ್ಡದಕ್ಕಿಂತ ಬಿಗಿ, ಮಣಿಯುವುದು ಕಷ್ಟ. ಈ ಒಂದು ಗಂಟೆ ಬಹಳ ಶ್ರಮ ಉಳಿಸುತ್ತದೆ.

ಆಮೇಲೆ ವಾಲ್ವಿನ ಸಣ್ಣ ಕೀಲಿ ಹಾಕಿ ವಾಲ್ವ್ ಪಿನ್ ಬಿಚ್ಚಿ ತೆಗೆಯಿರಿ. ಗಾಳಿ ನುಗ್ಗುವ ದಾರಿಯನ್ನು ಇಕ್ಕಟ್ಟು ಮಾಡುವುದು ಆ ಪಿನ್. ಅದು ಇಲ್ಲದಿದ್ದರೆ ಒಮ್ಮೆಗೇ ಜಾಸ್ತಿ ಗಾಳಿ ಒಳಗೆ ಹೋಗುತ್ತದೆ. ಈಗ ಬೇಕಾದದ್ದು ಪ್ರೆಷರ್ ಅಲ್ಲ, ರಭಸ. ಸಂದಿನಿಂದ ಹೊರಗೆ ಹೋಗುವುದಕ್ಕಿಂತ ಬೇಗ ಒಳಗೆ ಬರಬೇಕು. ಪಿನ್ನನ್ನು ಒಂದು ಬಟ್ಟಲಿಗೆ ಹಾಕಿಡಿ. ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ.

ಸಾಬೂನು ನೀರನ್ನು ಗಟ್ಟಿಯಾಗಿ ಕಲಸಿ. ಎರಡೂ ಕಡೆ ಬೀಡಿಗೂ ರಿಮ್ಮಿಗೂ ಬ್ರಶ್ಶಿನಲ್ಲಿ ಧಾರಾಳವಾಗಿ ಬಳಿಯಿರಿ. ನೊರೆ ಸಂದನ್ನು ಸ್ವಲ್ಪ ಮುಚ್ಚುತ್ತದೆ, ಬೀಡ್ ಮೆಟ್ಟಿಲು ಹತ್ತುವಾಗ ಜಾರಿಸುತ್ತದೆ. ಗ್ರೀಸ್, ಎಂಜಿನ್ ಆಯಿಲ್, ಡೀಸೆಲ್ ಬಳಿಯಬೇಡಿ. ಎಣ್ಣೆ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ಆರಿಹೋಗುವುದೂ ಇಲ್ಲ, ಬ್ರೇಕ್ ಹಾಕಿದಾಗ ಟಯರ್ ರಿಮ್ಮಿನ ಮೇಲೆ ಜಾರುತ್ತದೆ.

ಹಗ್ಗ, ಕೋಲು

ಹುಲ್ಲಿನ ಗಾಡಿ ಕಟ್ಟುವುದನ್ನು ನೋಡಿದವರಿಗೆ ಇದು ಗೊತ್ತಿರುವ ವಿದ್ಯೆ. ಹೊರೆಯ ಮೇಲೆ ಹಗ್ಗ ಹಾಯಿಸಿ, ಹಗ್ಗದೊಳಗೆ ಗೂಟ ತೂರಿಸಿ ತಿರುಚುತ್ತಾರೆ. ಒಂದೊಂದು ತಿರುವಿಗೂ ಹೊರೆ ಬಿಗಿಯುತ್ತದೆ. ಇಲ್ಲಿ ಹೊರೆಯ ಜಾಗದಲ್ಲಿ ಟಯರ್.

ಹಗ್ಗವನ್ನು ಮಡ್‌ಗಾರ್ಡಿನ ಕೆಳಗಿನಿಂದ ತೂರಿಸಿ ಟಯರಿನ ನೆತ್ತಿಯ ಮೇಲೆ, ಅಂದರೆ ರಸ್ತೆಗೆ ತಾಗುವ ಮೈ ಮೇಲೆ, ಸರಿಯಾಗಿ ನಡುಮಧ್ಯೆ, ಪಕ್ಕಪಕ್ಕದಲ್ಲಿ ಎರಡು ಸುತ್ತು ಸುತ್ತಿ. ಗಂಟು ಹಾಕಿ. ಗಂಟು ಗಾಡಿಯ ಹಿಂಭಾಗಕ್ಕೆ ಬರಲಿ, ಅಲ್ಲಿ ಕೋಲು ತಿರುಗಿಸಲು ಜಾಗ ಇದೆ. ಒಂದಡಿ ಉದ್ದದ ಗಟ್ಟಿ ಕೋಲನ್ನು ಹಗ್ಗದ ಒಳಗೆ ತೂರಿಸಿ ನಿಧಾನ ತಿರುಚಿ. ಮುರಿಯದ ಕೋಲು ಬೇಕು. ನಾವು ಹಳೆಯ ಗುದ್ದಲಿ ಕಾವಿನ ತುಂಡು ಬಳಸಿದೆವು.

ಇಲ್ಲಿ ಆಗುವುದನ್ನು ಹತ್ತಿರದಿಂದ ನೋಡಿ. ಹಗ್ಗ ಬಿಗಿದಂತೆ ನೆತ್ತಿ ಒಳಗೆ ತಗ್ಗುತ್ತದೆ. ನೆತ್ತಿ ತಗ್ಗಿದರೆ ಎರಡು ಪಕ್ಕಗಳಿಗೂ ಹೊರಗೆ ಹೋಗದೆ ಬೇರೆ ದಾರಿ ಇಲ್ಲ. ಪಕ್ಕ ಹೊರಗೆ ಹೋದಂತೆ ಬೀಡ್ ಗುಂಡಿಯಿಂದ ಎದ್ದು ರಿಮ್ಮಿನ ಅಂಚಿನ ಕಡೆ ಸರಿಯುತ್ತದೆ. ಮೂರನೆಯ ತಿರುವಿಗೆ ನಮ್ಮ ಟಯರಿನ ಎಡಪಕ್ಕದ ಸಂದು ಮುಚ್ಚಿತು. ಬಲಪಕ್ಕದಲ್ಲಿ ವಾಲ್ವಿನ ಎದುರುಗಡೆ ಒಂದು ಗೇಣಿನಷ್ಟು ಜಾಗ ಇನ್ನೂ ತೆರೆದಿತ್ತು. ಅಲ್ಲಿಗೆ ಅಂಗೈಯಲ್ಲಿ ಗುದ್ದುತ್ತಾ ಇನ್ನು ಅರ್ಧ ತಿರುವು. ಸಾಬೂನಿನ ನೊರೆ ಸಂದಿನಿಂದ ಹಿಂಡಿ ಹೊರಗೆ ಬಂದು ಸುತ್ತಲೂ ಒಂದು ಬಿಳಿ ಗೆರೆ ಕಟ್ಟಿತು. ಆ ಗೆರೆ ಎಲ್ಲೂ ತುಂಡಾಗದೆ ಕಂಡರೆ ಬೀಡ್ ತಾಗಿದೆ ಎಂದರ್ಥ.

ಎರಡು ಎಚ್ಚರಿಕೆ. ತಿರುಚಿದ ಕೋಲನ್ನು ಬಿಟ್ಟರೆ ಬಾರುಕೋಲಿನ ಹಾಗೆ ತಿರುಗಿ ಹೊಡೆಯುತ್ತದೆ. ಅದನ್ನು ಒಬ್ಬರು ಹಿಡಿದೇ ಇರಬೇಕು, ಇನ್ನೊಬ್ಬರು ಪಂಪ್ ನೋಡಿಕೊಳ್ಳಬೇಕು. ಒಬ್ಬರೇ ಮಾಡುವುದಾದರೆ ಲಿವರ್ ಬೆಲ್ಟ್ ತನ್ನಿ. ಇನ್ನೊಂದು, ಸಂದು ಮುಚ್ಚಿದ ಮೇಲೆ ಮತ್ತೂ ಬಿಗಿಯಬೇಡಿ. ನೆತ್ತಿ ಒಂದು ಕಡೆ ಮುದುರಿ ಮಡಿಚಿಕೊಂಡರೆ ಬೇರೆ ಕಡೆ ಹೊಸ ಸಂದು ತೆರೆಯುತ್ತದೆ.

ಗಾಳಿ, ಎರಡು ಸದ್ದು

ಈಗ ಪಂಪ್. ಮೊದಲ ಹತ್ತು ಹದಿನೈದು ಒತ್ತು ಎಷ್ಟು ಬೇಗ ಆಗುತ್ತೋ ಅಷ್ಟು ಬೇಗ. ಕಂಪ್ರೆಸರ್ ಇದ್ದರೆ ಒಮ್ಮೆಲೇ ಬಿಡಿ. ಕಿವಿಗೊಟ್ಟು ಕೇಳಿ. ಬುಸ್ ಎನ್ನುವ ಸದ್ದು ಸಣ್ಣದಾಗಿ, ಆಮೇಲೆ ನಿಂತು, ಪಂಪ್ ಕಾಲಿಗೆ ಗಟ್ಟಿಯಾಗುತ್ತದೆ. ಆ ಗಟ್ಟಿತನ ಸಿಕ್ಕ ಗಳಿಗೆಯಲ್ಲೇ ಕೆಲಸ ಮುಕ್ಕಾಲು ಆದ ಹಾಗೆ.

ಪಂಪಿನ ಗೇಜ್ ಐದಾರು ಪಿಎಸ್‌ಐ ತೋರಿಸುತ್ತಿದ್ದಂತೆ ಪಂಪ್ ನಿಲ್ಲಿಸಿ. ಕೋಲನ್ನು ನಿಧಾನ ಹಿಂದಕ್ಕೆ ತಿರುಗಿಸಿ ಹಗ್ಗ ಪೂರ್ತಿ ತೆಗೆಯಿರಿ. ಬಿಗಿದ ಹಗ್ಗ ಇರುವಾಗ ಹತ್ತು ಪಿಎಸ್‌ಐ ದಾಟಲೇಬಾರದು. ಉಬ್ಬುವ ಟಯರ್ ಹಗ್ಗವನ್ನು ತುಂಡರಿಸಿ ಎಸೆಯಬಹುದು.

ಹಗ್ಗ ತೆಗೆದ ಮೇಲೆ ಗಾಳಿ ಮುಂದುವರಿಸಿ. ಬೆರಳುಗಳನ್ನು ಟಯರ್ ರಿಮ್ ನಡುವಿನಿಂದ ದೂರ ಇಡಿ. ಮುಖವನ್ನು ಚಕ್ರದ ಪಕ್ಕಕ್ಕೆ ತರಬೇಡಿ. ಹದಿನೈದು, ಇಪ್ಪತ್ತು, ಇಪ್ಪತ್ತೈದು. ಎಲ್ಲೋ ಒಂದು ಕಡೆ ಫಟ್ ಎನ್ನುವ ಸದ್ದು. ಒಂದು ಕಡೆಯ ಬೀಡ್ ಮೆಟ್ಟಿಲು ಹತ್ತಿತು. ಇನ್ನೊಂದು ಫಟ್, ಇನ್ನೊಂದು ಕಡೆಯದು. ಈ ಸದ್ದು ಜೋರಾಗಿಯೇ ಇರುತ್ತದೆ, ಗಾಬರಿ ಬೇಡ.

ಸದ್ದು ಬಾರದಿದ್ದರೆ? 40 ಪಿಎಸ್‌ಐ ದಾಟಬೇಡಿ. ಟಯರಿನ ಪಕ್ಕದಲ್ಲಿ ಅದಕ್ಕಿಂತ ಕಡಿಮೆ ಮಿತಿ ಬರೆದಿದ್ದರೆ ಅದನ್ನೂ ದಾಟಬೇಡಿ. ಗಾಳಿ ಬಿಟ್ಟು, ಮತ್ತೆ ಸಾಬೂನು ಬಳಿದು, ಹಠ ಹಿಡಿದ ಜಾಗಕ್ಕೆ ಮರದ ಸುತ್ತಿಗೆಯಿಂದ ನೆತ್ತಿಯ ಮೇಲೆ ತಟ್ಟಿ ಮತ್ತೊಮ್ಮೆ ಹಾಕಿ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ಐವತ್ತು ಅರವತ್ತಕ್ಕೆ ಏರಿಸುವುದನ್ನು ನಾನು ಅಂಗಡಿಗಳಲ್ಲಿ ನೋಡಿದ್ದೇನೆ. ಬೀಡಿನ ತಂತಿ ಹರಿದರೆ ಚಕ್ರ ಸಿಡಿಯುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ಬೀಡ್ ಸರಿಯಾಗಿ ಕೂತಿದೆಯೋ ನೋಡಲು ಟಯರಿನ ಪಕ್ಕದಲ್ಲಿ, ರಿಮ್ಮಿನ ಅಂಚಿಗೆ ಹತ್ತಿರ, ಒಂದು ಸಣ್ಣ ಉಬ್ಬು ಗೆರೆ ಸುತ್ತಲೂ ಇದೆ. ಚಕ್ರ ತಿರುಗಿಸಿ. ಗೆರೆಗೂ ರಿಮ್ಮಿಗೂ ಇರುವ ಅಂತರ ಎಲ್ಲ ಕಡೆ ಒಂದೇ ಆಗಿರಬೇಕು. ಒಂದು ಕಡೆ ಗೆರೆ ರಿಮ್ಮಿನೊಳಗೆ ಮುಳುಗಿದ್ದರೆ ಅಲ್ಲಿ ಬೀಡ್ ಇನ್ನೂ ಕೆಳಗಿದೆ.

ಪಂಪಿನ ಕೊಳವೆ ತೆಗೆದರೆ, ಪಿನ್ ಇಲ್ಲವಲ್ಲ, ಗಾಳಿ ಪೂರ್ತಿ ಹೋಗುತ್ತದೆ. ಹೋಗಲಿ. ಮೆಟ್ಟಿಲು ಹತ್ತಿದ ಬೀಡ್ ಭಾರ ಬೀಳದಿದ್ದರೆ ಅಲ್ಲೇ ಕೂತಿರುತ್ತದೆ. ಈಗ ಹೊಸ ವಾಲ್ವ್ ಪಿನ್ ಹಾಕಿ, ಕೀಲಿಯಿಂದ ಹಗುರವಾಗಿ ಬಿಗಿದು, ಮತ್ತೆ ಮೂವತ್ತು ಪಿಎಸ್‌ಐ ತುಂಬಿ.

ಇಷ್ಟಾದರೂ ಹಿಡಿಯದಿದ್ದರೆ

ಹೆಚ್ಚಿನ ಸಲ ತಪ್ಪಿರುವುದು ರಭಸ. ಬ್ಯಾಟರಿಯ ಸಣ್ಣ ಪಂಪ್‌ಗಳು ಪ್ರೆಷರ್ ಬೇಕಾದಷ್ಟು ಏರಿಸುತ್ತವೆ, ಆದರೆ ಗಾಳಿ ಬರುವುದು ಕೊಂಚ ಕೊಂಚವೇ. ಆಗ ಚಕ್ರ ಬಿಚ್ಚಿ ಕಂಪ್ರೆಸರ್ ಇರುವ ಕಡೆ ಹೊತ್ತೊಯ್ಯುವುದೇ ವಾಸಿ. ಹಗ್ಗ ಕಟ್ಟಿಕೊಂಡೇ ಹೋಗಿ.

ಟಯರನ್ನು ಬಿಡಿಯಾಗಿ ಮೂಲೆಯಲ್ಲಿ ಒತ್ತಿಟ್ಟು ಎರಡೂ ಬೀಡ್ ಒಂದಕ್ಕೊಂದು ಹತ್ತಿರ ಬಂದುಬಿಟ್ಟಿದ್ದರೆ, ನಡುವೆ ಮೂರು ನಾಲ್ಕು ಮರದ ತುಂಡು ಅಡ್ಡ ಕೊಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಬಿಸಿಲಿಗಿಟ್ಟು ಆಮೇಲೆ ರಿಮ್ಮಿಗೆ ಹಾಕಿ.

ಟಯರಿನೊಳಗೆ ಉರಿಯುವ ಸ್ಪ್ರೇ ಅಥವಾ ಪೆಟ್ರೋಲ್ ಸಿಂಪಡಿಸಿ ಕಡ್ಡಿ ಗೀರಿದರೆ ಬೀಡ್ ಒಮ್ಮೆಗೇ ಕೂರುವ ವಿಡಿಯೋ ನೀವೂ ನೋಡಿರಬಹುದು. ಅದು ಸ್ಫೋಟ. ಎಷ್ಟು ಬಲ ಬರುತ್ತದೆ ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಕೆಳಗೇ ಇರುವ ಚಕ್ರದಲ್ಲಿ ಇದನ್ನು ಯೋಚಿಸಲೂಬಾರದು.

ಎಲ್ಲಿ ಸೋರುತ್ತಿದೆ

ಗಾಳಿ ತುಂಬಿತು. ಈಗ ನಿಜವಾದ ಪ್ರಶ್ನೆ: ಮೊದಲು ಹೋಗಿದ್ದು ಎಲ್ಲಿಂದ? ಈಗ ಸಾಬೂನು ನೀರು ತೆಳುವಾಗಿರಲಿ. ನೆತ್ತಿಗೆ ಬಳಿದು ಚಕ್ರ ತಿರುಗಿಸಿ. ವಾಲ್ವಿನ ಬಾಯಿಗೆ, ಬುಡಕ್ಕೆ ಬಳಿಯಿರಿ. ಎರಡೂ ಪಕ್ಕ ರಿಮ್ಮಿನ ಅಂಚಿಗೆ ಬಳಿಯಿರಿ. ಐದು ನಿಮಿಷ ಕಾಯಿರಿ. ದೊಡ್ಡ ಸೋರಿಕೆಗೆ ಗುಳ್ಳೆ ತಕ್ಷಣ ಏಳುತ್ತದೆ. ನಿಧಾನದ ಸೋರಿಕೆ ಹಾಗಲ್ಲ. ಕೆರೆಯಂಚಿನ ಕಪ್ಪೆಮೊಟ್ಟೆಯ ಹಾಗೆ ಸಣ್ಣ ಸಣ್ಣ ಗುಳ್ಳೆ ಒತ್ತೊತ್ತಾಗಿ ಕಟ್ಟುತ್ತದೆ. ಅವಸರ ಮಾಡಿದರೆ ಕಾಣುವುದಿಲ್ಲ. ಚಕ್ರ ಬಿಚ್ಚಿದ್ದರೆ ಅಗಲ ಬಾಯಿಯ ಟಬ್ಬಿನಲ್ಲಿ ಮುಳುಗಿಸಿ ನೋಡುವುದು ಎಲ್ಲಕ್ಕಿಂತ ಖಚಿತ.

ನೆತ್ತಿಯಲ್ಲಿ ಮೊಳೆ ಸಿಕ್ಕರೆ ಅದು ಸುಲಭದ ಪಂಚರ್. ಮೊಳೆ ಯಾವ ಓರೆಯಲ್ಲಿ ಹೊಕ್ಕಿದೆ ಎಂದು ಗಮನಿಸಿ ಇಕ್ಕಳದಿಂದ ಕಿತ್ತು, ಅದೇ ಓರೆಯಲ್ಲಿ ಕೊರೆಯುವ ಸೂಜಿ ಆಡಿಸಿ. ಅಂಟು ಸವರಿದ ಪಂಚರ್ ಪಟ್ಟಿಯನ್ನು ಸೂಜಿಯ ಕಣ್ಣಿನಲ್ಲಿ ಅರ್ಧಕ್ಕೆ ಪೋಣಿಸಿ, ತುದಿ ಒಂದು ಸೆಂಟಿಮೀಟರ್ ಹೊರಗೆ ಉಳಿಯುವವರೆಗೆ ತಳ್ಳಿ, ಸೂಜಿಯನ್ನು ಫಕ್ಕನೆ ಎಳೆಯಿರಿ. ಹೊರಗಿನದನ್ನು ಸ್ವಲ್ಪ ಬಿಟ್ಟು ಕತ್ತರಿಸಿ. ಇದು ನೆತ್ತಿಗೆ ಮಾತ್ರ. ಭುಜದ ತಿರುವಿನಲ್ಲಿ ಅಥವಾ ಪಕ್ಕದಲ್ಲಿ ತೂತಿದ್ದರೆ ಪಟ್ಟಿ ಹಾಕಬೇಡಿ. ಈ ಅಳತೆಯ ಚಕ್ರ ಒಂದು ಕಿಲೋಮೀಟರಿಗೆ 730ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಪಕ್ಕ ಪ್ರತಿ ಸುತ್ತಿಗೂ ಮಡಿಚಿ ಬಿಚ್ಚುವ ಜಾಗ, ಅಲ್ಲಿ ಪಟ್ಟಿ ನಿಲ್ಲುವುದಿಲ್ಲ.

ವಾಲ್ವಿನ ಬಾಯಲ್ಲಿ ಗುಳ್ಳೆ ಬಂದರೆ ಪಿನ್ ಬದಲಿಸಿ. ಬುಡದಲ್ಲಿ ಬಂದರೆ ರಬ್ಬರ್ ಬಿರುಕು ಬಿಟ್ಟಿದೆ. ವಾಲ್ವನ್ನು ಬೆರಳಿನಿಂದ ಒಂದು ಕಡೆ ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತದೆ. ಇದಕ್ಕೆ ಅಂಟು, ಎಂ-ಸೀಲ್ ಏನೂ ಹಚ್ಚಬೇಡಿ, ಇಡೀ ವಾಲ್ವ್ ಬದಲಿಸಿ. ಟಯರ್ ಬದಲಿಸಿದಾಗಲೆಲ್ಲ ವಾಲ್ವ್ ಕೂಡ ಬದಲಿಸುವುದು ನನ್ನ ರೂಢಿ.

ನಮ್ಮ ಸ್ಕೂಟರಿನಲ್ಲಿ ಕಪ್ಪೆಮೊಟ್ಟೆ ಕಟ್ಟಿದ್ದು ಬಲಪಕ್ಕದ ರಿಮ್ಮಿನ ಅಂಚಿಗೆ, ಒಂದು ಚೋಟು ಉದ್ದ. ಅಂದರೆ ತುಕ್ಕು.

ರಿಮ್ಮಿನ ತುಕ್ಕು

ಅತಿ ಹೆಚ್ಚು ಸ್ಕೂಟರ್‌ಗಳು ಮತ್ತೆ ಮತ್ತೆ ಗಾಳಿ ಬಿಡುವುದು ಈ ಕಾರಣಕ್ಕೆ ಎಂಬುದು ನನ್ನ ಅನುಭವ. ಅಂಗಡಿಯಲ್ಲಿ ಪಂಚರ್ ಇಲ್ಲ ಅಂತ ಹೇಳಿ ಗಾಳಿ ಹಾಕಿ ಕಳಿಸುತ್ತಾರೆ, ನಾಲ್ಕು ದಿನಕ್ಕೆ ಮತ್ತೆ ಇಳಿಯುತ್ತದೆ. ಟಯರ್ ಬಿಚ್ಚದೆ ಇದು ಸರಿಯಾಗದು.

ಚಕ್ರ ತೆಗೆಯಿರಿ. ಆ ನಟ್‌ಗಳನ್ನು ಬಿಗಿದು ಅಭ್ಯಾಸ ಇಲ್ಲದಿದ್ದರೆ ಅಷ್ಟು ಮಟ್ಟಿಗೆ ಮೆಕ್ಯಾನಿಕ್ ಹತ್ತಿರ ಹೋಗಿ, ಸಂಕೋಚ ಬೇಡ. ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಬೀಡನ್ನು ಮೆಟ್ಟಿಲಿನಿಂದ ಇಳಿಸಲು ಬರೀ ಕಾಲು ಸಾಲದು. ಚಕ್ರವನ್ನು ನೆಲದ ಮೇಲೆ ಮಲಗಿಸಿ, ಇನ್ನೊಂದು ಬೈಕಿನ ಸೈಡ್ ಸ್ಟ್ಯಾಂಡನ್ನು ರಿಮ್ಮಿನ ಅಂಚಿಗೆ ತಾಗದಂತೆ ಟಯರಿನ ಮೇಲೆ ಇಟ್ಟು ಬೈಕನ್ನು ಆ ಕಡೆ ವಾಲಿಸಿ. ಬೈಕಿನ ಭಾರಕ್ಕೆ ಬೀಡ್ ಕೆಳಗೆ ಜಾರುತ್ತದೆ. ಬೈಕನ್ನು ಒಬ್ಬರು ಗಟ್ಟಿಯಾಗಿ ಹಿಡಿದಿರಬೇಕು.

ಟಯರ್ ಬಿಡಿಸುವಾಗ ಒಂದು ಕಡೆ ಲಿವರ್ (ಬೀಡ್ ಎತ್ತುವ ಕಬ್ಬಿಣದ ಪಟ್ಟಿ) ಹಾಕಿದರೆ ಅದರ ಎದುರು ಕಡೆಯ ಬೀಡನ್ನು ಮಂಡಿಯಿಂದ ಮಧ್ಯದ ಗುಂಡಿಗೆ ಒತ್ತಿಕೊಂಡಿರಿ. ಇಷ್ಟು ನೆನಪಿದ್ದರೆ ಲಿವರಿಗೆ ಜಾಸ್ತಿ ಬಲ ಬೇಡ. ಬಲ ಬೇಕಾಗುತ್ತಿದೆ ಅಂದರೆ ಎದುರು ಕಡೆ ಗುಂಡಿಯಿಂದ ಮೇಲೆದ್ದಿದೆ ಎಂದರ್ಥ. ಬಲವಂತ ಮಾಡಿದರೆ ಬೀಡ್ ಹರಿಯುತ್ತದೆ.

ರಿಮ್ಮಿನ ಮೆಟ್ಟಿಲಿನ ಮೇಲೆ ತುಕ್ಕು ಪದರ ಪದರವಾಗಿ ಎದ್ದಿರುವುದು ಕಾಣುತ್ತದೆ. ನಮ್ಮದರಲ್ಲಿ ಉಗುರಿನಿಂದ ಕೆರೆದರೆ ಹಲಸಿನ ಹಪ್ಪಳದ ಚೂರಿನ ಹಾಗೆ ಎದ್ದು ಬರುತ್ತಿತ್ತು. ಮೊದಲು ತಂತಿ ಬ್ರಶ್. ಆಮೇಲೆ 120 ನಂಬರಿನ ಎಮರಿ ಕಾಗದ, ಕೊನೆಗೆ 240. ಬೆರಳು ಆಡಿಸಿದರೆ ನುಣ್ಣಗೆ ಹತ್ತಬೇಕು. ಗ್ರೈಂಡರ್ ಹಚ್ಚಬೇಡಿ, ಒಂದು ಗೀರು ಬಿದ್ದರೆ ಅದೇ ಹೊಸ ಸೋರುವ ದಾರಿ. ಬಟ್ಟೆಯಿಂದ ಒರೆಸಿ, ತೆಳುವಾಗಿ ಲೋಹದ ಪ್ರೈಮರ್ ಬಳಿದು ಒಂದು ಪೂರ್ತಿ ದಿನ ಒಣಗಲು ಬಿಡಿ. ಅಲಾಯ್ ರಿಮ್ಮಿನಲ್ಲಿ ತುಕ್ಕಿನ ಬದಲು ಬಿಳಿ ಪುಡಿ ಇರುತ್ತದೆ. ಅದನ್ನೂ ಹೀಗೇ ತಿಕ್ಕಿ, ಆದರೆ ಮೆದು ಲೋಹ, ಹಗುರ ಕೈಯಲ್ಲಿ. ತುಕ್ಕು ತಿಂದು ರಿಮ್ಮಿನಲ್ಲಿ ಗುಳಿ ಬಿದ್ದಿದ್ದರೆ ಬೀಡ್ ಸೀಲರ್ ಎಂಬ ಕಪ್ಪು ಅಂಟು ಸಿಗುತ್ತದೆ, ಮೆಟ್ಟಿಲಿನ ಮೇಲೆ ತೆಳುವಾಗಿ ಬಳಿಯಬಹುದು. ತೂತೇ ಬಿದ್ದಿದ್ದರೆ ಅಥವಾ ರಸ್ತೆಯ ಗುಂಡಿಗೆ ಹೊಡೆದು ಅಂಚು ಸೊಟ್ಟಗಾಗಿದ್ದರೆ ರಿಮ್ ಬದಲಿಸಬೇಕು.

ಟಯರಿನ ಬೀಡಿಗೂ ತುಕ್ಕು ಅಂಟಿರುತ್ತದೆ, ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ. ಮರಳಿ ಹಾಕುವಾಗ ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಲಿ. ಟಯರಿನ ಮೇಲೆ ಹಳದಿ ಚುಕ್ಕೆ ಉಳಿದಿದ್ದರೆ ಅದನ್ನು ವಾಲ್ವಿನ ನೇರಕ್ಕೆ ತನ್ನಿ. ಅದು ಟಯರಿನ ಹಗುರವಾದ ಜಾಗ. ಆಮೇಲೆ ಮತ್ತೆ ಸಾಬೂನು, ಹಗ್ಗ, ಪಂಪ್, ಎರಡು ಸದ್ದು.

ಜೆಲ್, ಟ್ಯೂಬ್

ಟಯರಿನೊಳಗೆ ಸುರಿಯುವ ಜೆಲ್ ನೆತ್ತಿಯ ಸಣ್ಣ ತೂತುಗಳಿಗೆ ಕೆಲಸ ಮಾಡುತ್ತದೆ. ಜಾರಿದ ಬೀಡನ್ನು ಅದು ಕೂರಿಸದು, ತುಕ್ಕನ್ನು ವಾಸಿ ಮಾಡದು. ಮುಂದೆ ಟಯರ್ ಬಿಚ್ಚುವವರಿಗೆ ಅಂಟಂಟು ರಾಡಿ ಬೇರೆ. ನಾನು ಹಾಕುವುದಿಲ್ಲ. ರಿಮ್ ಹಾಳಾಗಿ, ಹೊಸದು ಸಿಗುವವರೆಗೆ ಗಾಡಿ ಓಡಲೇಬೇಕು ಅಂದರೆ ಅದೇ ಅಳತೆಯ ಟ್ಯೂಬ್ ಹಾಕಬಹುದು. ಆದರೆ ಟಯರಿನ ಒಳಗೆ ಕೈಯಾಡಿಸಿ ಹಳೆಯ ಪಟ್ಟಿಯ ತುದಿ, ಮುಳ್ಳು, ತಂತಿ ಏನೂ ಉಳಿಯದಂತೆ ನೋಡಿ. ಟ್ಯೂಬ್ ಹಾಕಿದ ಮೇಲೆ ಪಂಚರ್ ಆದರೆ ಗಾಳಿ ಒಮ್ಮೆಗೇ ಹೋಗುತ್ತದೆ ಎಂಬುದು ಓಡಿಸುವವರಿಗೆ ತಿಳಿದಿರಬೇಕು.

ಆಮೇಲೆ

ಕೂರಿಸಲು ಹಾಕಿದ ಗಾಳಿಯಲ್ಲೇ ಓಡಿಸಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಥವಾ ಸ್ಟಿಕ್ಕರಿನಲ್ಲಿ ಬರೆದಷ್ಟಕ್ಕೆ ತನ್ನಿ. ಈ ಅಳತೆಯ ಹಿಂದಿನ ಚಕ್ರಕ್ಕೆ ಒಬ್ಬರೇ ಇದ್ದರೆ 29, ಇಬ್ಬರಿದ್ದರೆ 36 ಎಂಬುದು ಸಾಮಾನ್ಯವಾಗಿ ಕಾಣುವ ಅಂಕಿ. ಅಳೆಯುವುದು ಟಯರ್ ತಣ್ಣಗಿರುವಾಗ. ವಾಲ್ವಿಗೆ ಕ್ಯಾಪ್ ಹಾಕಿ, ಕೆಸರು ಒಳಗೆ ಹೋಗಬಾರದು.

ರಿಮ್ ಮತ್ತು ಟಯರ್ ಎರಡಕ್ಕೂ ಸೇರುವಂತೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಮೊದಲ ದಿನ ನಿಧಾನ ಓಡಿಸಿ, ಬಂದ ಮೇಲೆ ಗೆರೆ ತುಂಡಾಗಿದೆಯಾ ನೋಡಿ. ತುಂಡಾಗಿದ್ದರೆ ಟಯರ್ ರಿಮ್ಮಿನ ಮೇಲೆ ಜಾರುತ್ತಿದೆ. ಸಾಬೂನು ಇನ್ನೂ ಆರಿಲ್ಲ, ಇನ್ನೊಂದು ದಿನ ಬಿಸಿಲಲ್ಲಿ ನಿಲ್ಲಿಸಿ.

ರಾತ್ರಿ ಪ್ರೆಷರ್ ಬರೆದಿಟ್ಟು ಬೆಳಗ್ಗೆ ಮತ್ತೆ ನೋಡಿ. ಅರ್ಧ ಪಿಎಸ್‌ಐ ವ್ಯತ್ಯಾಸಕ್ಕೆ ಚಿಂತೆ ಬೇಡ, ಗೇಜ್ ಒತ್ತಿದಾಗಲೂ ಸ್ವಲ್ಪ ಹೋಗುತ್ತದೆ. ಬೆಳಗಿನ ಚಳಿಗೂ ಒಂದಿಷ್ಟು ಕಡಿಮೆ ತೋರಿಸುತ್ತದೆ. ಮೂರು ನಾಲ್ಕು ಇಳಿದಿದ್ದರೆ ಮತ್ತೆ ಸಾಬೂನು ನೀರು ಹಿಡಿಯಿರಿ. ಸಣ್ಣ ಟಯರಿನಲ್ಲಿ ಇರುವ ಗಾಳಿಯೇ ಕಡಿಮೆ. ಕಾರಿನಲ್ಲಿ ಒಂದು ತಿಂಗಳು ತೆಗೆದುಕೊಳ್ಳುವ ಸೋರಿಕೆ ಇಲ್ಲಿ ಒಂದು ವಾರಕ್ಕೇ ಟಯರ್ ಮಲಗಿಸುತ್ತದೆ.

ನಮ್ಮದು ಮೊದಲ ಬೆಳಗ್ಗೆ 29ರಿಂದ 28ಕ್ಕೆ ಬಂತು, ಎರಡನೆಯ ಬೆಳಗ್ಗೆಯೂ 28. ಆಮೇಲೆ ಅಲ್ಲೇ ನಿಂತಿತು. ಈಗ ಪ್ರತಿ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಅಮ್ಮ ಫೋನ್ ಮಾಡಿ ನೆನಪಿಸುತ್ತಾರೆ. ಎರಡೂ ಚಕ್ರಕ್ಕೆ ಗಾಳಿ ತುಂಬಿ, ದೊಡ್ಡ ಸ್ಟ್ಯಾಂಡ್ ಹಾಕಿ, ಮುಂದಿನ ಚಕ್ರದ ಕೆಳಗೆ ಒಂದು ಹಲಗೆ ಕೊಟ್ಟು ನಿಲ್ಲಿಸುತ್ತೇವೆ. ಹದಿನೈದು ದಿನಕ್ಕೊಮ್ಮೆ ಅಮ್ಮನೇ ಗೇಜ್ ಹಿಡಿದು ನೋಡಿ, ಸಂಖ್ಯೆಯನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುತ್ತಾರೆ.